‘ಲುಕ್ ಎಟ್ ಇಟ್’ ಸರಿ, ‘ಟರ್ನ್ ಆಫ್ ಇಟ್’ ಏಕೆ ತಪ್ಪು?

ಶಿರಸಿಯ ತಮ್ಮ ವಿದ್ಯಾರ್ಥಿಗಳಿಗೆ ಇಂಗ್ಲಿಷಿನಲ್ಲಿ ಈ ಗೊಂದಲವಿದೆ ಎಂದು ಬರೆದು, ‘ಅಪ್’ (up) ಯಾವ ಗುಂಪಿನದೆಂದೂ ಕೇಳಿದ್ದೀರಿ. ಗೊಂದಲಕ್ಕೆ ಬಹುಶಃ ಕಾರಣ, ‘ಎಟ್’ (at), ‘ಆಫ್’ (off) ಎರಡನ್ನೂ ಪ್ರಿಪೊಸಿಷನ್ (ನಾಮಪದದ ಮುಂಚೆ ಬಂದು ಸಂಬಂಧ ತೋರಿಸುವ ಪದ) ಎಂದೇ ಕಲಿಸಿರುವುದು. ಇಲ್ಲಿ ‘ಎಟ್’ ಪ್ರಿಪೊಸಿಷನ್, ‘ಆಫ್’ ಮಾತ್ರ ಕ್ರಿಯಾಪದದೊಡನೆ ಬೆರೆತ ಕ್ರಿಯಾವಿಶೇಷಣ.

ಮೊದಲು ನಾಮಪದವನ್ನು ಕ್ರಿಯಾಪದಕ್ಕೂ ಈ ಪದಕ್ಕೂ ನಡುವೆ ಇಟ್ಟು ನೋಡಲು ಹೇಳಿ. ತೋಟದ ಪಂಪನ್ನು ಕುರಿತು ‘ಟರ್ನ್ ದ ಪಂಪ್ ಆಫ್’ ಎನ್ನಬಹುದು, ಆದರೆ ‘ಲುಕ್ ದ ಪಂಪ್ ಎಟ್’ ಎನ್ನಲಾಗದು. ನಾಮಪದ ನಡುವೆ ಕೂರುವುದಾದರೆ, ಅದರ ಬದಲು ಬರುವ ‘ಇಟ್’, ‘ದೆಮ್’ಗಳು ನಡುವೆಯೇ ಬರಬೇಕು: ‘ಟರ್ನ್ ಇಟ್ ಆಫ್’.

ತಾವು ಕೇಳಿದ ‘ಅಪ್’ ಯಾವ ಗುಂಪಿನದೆಂದು ಪೂರ್ಣ ವಾಕ್ಯವಿಲ್ಲದೆ ಹೇಳಲಾರೆ. ‘ವಾಕ್ ಅಪ್ ದ ಹಿಲ್’ನಲ್ಲಿ ಅದು ಪ್ರಿಪೊಸಿಷನ್, ‘ಪಿಕ್ ಅಪ್ ದ ಬ್ಯಾಗ್’ನಲ್ಲಿ ಕ್ರಿಯಾವಿಶೇಷಣ. ಆದ್ದರಿಂದ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸದೆ, ಪ್ರತಿ ವಾಕ್ಯವನ್ನೂ ಹೀಗೆಯೇ ಪರೀಕ್ಷಿಸಲು ಹೇಳಿ.