ಓದುಗರ ಪ್ರಶ್ನೆ: ಕಡಲಿಗೆ ಹೊರಡುವ ಮುನ್ನ ತಿಥಿ ನೋಡಿಕೊಳ್ಳಿ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ನಿಸರ್ಗವನ್ನು ನೋಡಲು ಎಲ್ಲಿಗೆ ಹೋಗಬೇಕು ಎಂದು ಕೇಳಿವೆ. ಉತ್ತರ ಬರೆಯಲು ಕುಳಿತಾಗ ಎಲ್ಲಿಗೆ ಎಂಬುದಕ್ಕಿಂತ ಯಾವ ಹೊತ್ತಿಗೆ ಎಂಬುದನ್ನೇ ಹೆಚ್ಚು ಬರೆಯಬೇಕಾಯಿತು.

ಪ್ರಶ್ನೆ: ಪ್ರತಿ ಭಾನುವಾರ ಸಂಜೆ ಮಕ್ಕಳನ್ನು ಸೋಮೇಶ್ವರದ ಕಡಲತೀರಕ್ಕೆ ಕರೆದೊಯ್ಯುತ್ತೇವೆ. ಚರುಮುರಿ ತಿಂದು ಸೂರ್ಯಾಸ್ತ ನೋಡಿ ಬರುವುದನ್ನು ಬಿಟ್ಟರೆ ಅಲ್ಲಿ ನೋಡುವಂಥದ್ದು ಬೇರೇನಿದೆ?
(ಮಂಗಳೂರಿನ ತಾಯಿಯೊಬ್ಬರು)

ಉತ್ತರ: ನೀವು ಹೋಗುವ ಜಾಗ ಸರಿಯಾಗಿಯೇ ಇದೆ, ಹೊತ್ತನ್ನು ಮಾತ್ರ ಕಡಲನ್ನು ಕೇಳದೆ ಗೊತ್ತುಮಾಡಿಕೊಂಡಿದ್ದೀರಿ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಮುಂದಿನ ಭರತಕ್ಕೆ ಸುಮಾರು 12 ಗಂಟೆ 25 ನಿಮಿಷ ಹಿಡಿಯುವುದರಿಂದ, ಇಂದಿನ ಇಳಿತ ನಾಳೆ ಸುಮಾರು 50 ನಿಮಿಷ ತಡವಾಗಿ ಬರುತ್ತದೆ. ಏಳು ದಿನಕ್ಕೆ ಈ ತಡ ಹತ್ತಿರಹತ್ತಿರ ಆರು ಗಂಟೆಯಾಗುತ್ತದೆ. ಅಂದರೆ ಈ ಭಾನುವಾರ ಸಂಜೆ ಐದೂವರೆಗೆ ಬಂಡೆಗಳೆಲ್ಲ ತೆರೆದುಕೊಂಡಿದ್ದರೆ, ಮುಂದಿನ ಭಾನುವಾರ ಅದೇ ಐದೂವರೆಗೆ ಅವು ನೀರಿನಡಿ ಇರುತ್ತವೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಏರಿ ಹೆಚ್ಚು ಇಳಿಯುತ್ತದೆ, ಅಷ್ಟಮಿಯ ಸುಮಾರಿಗೆ ಏರಿಳಿತ ಕಡಿಮೆ. ಆದ್ದರಿಂದ ಗೋಡೆಯ ಪಂಚಾಂಗದಲ್ಲಿ ತಿಥಿ ನೋಡಿಕೊಂಡು, ಆ ದಿನದ ಇಳಿತದ ವೇಳೆಯನ್ನು ಮೀನುಗಾರರಲ್ಲಿ ವಿಚಾರಿಸಿ, ನೀರು ಪೂರ್ತಿ ತಗ್ಗುವುದಕ್ಕೆ ಒಂದು ಗಂಟೆ ಮೊದಲೇ ದಡದಲ್ಲಿರಿ.

ಆಗ ರುದ್ರಶಿಲೆ ಎಂದು ಕರೆಯುವ ಅಲ್ಲಿನ ಬಂಡೆಗಳ ಸಂದುಗಳಲ್ಲಿ ಬೋಗುಣಿಯಷ್ಟು ದೊಡ್ಡ ಹೊಂಡಗಳು ಉಳಿದಿರುತ್ತವೆ. ಅಂಥ ಒಂದು ಹೊಂಡದ ಬಳಿ, ನೆರಳು ನೀರಿನ ಮೇಲೆ ಬೀಳದ ಹಾಗೆ ಮಕ್ಕಳನ್ನು ಕೂರಿಸಿ, ಐದು ನಿಮಿಷ ಮಾತಾಡಬೇಡಿರೆಂದು ಹೇಳಿ. ಮೊದಲ ನಿಮಿಷದಲ್ಲಿ ಏನೂ ಕಾಣುವುದಿಲ್ಲ. ಆಮೇಲೆ ಸತ್ತ ಶಂಖವೆಂದು ತಿಳಿದದ್ದು ಕಾಲು ಹೊರಚಾಚಿ ನಡೆಯತೊಡಗುತ್ತದೆ; ಅದು ಪರರ ಚಿಪ್ಪಿನೊಳಗೆ ಸೇರಿಕೊಂಡ ಸನ್ಯಾಸಿ ಏಡಿ. ಬಂಡೆಗೆ ಅಂಟಿದ ಬಿಳಿಯ ಗುಳ್ಳೆಗಳಂಥವು ಬಾರ್ನಕಲ್‌ಗಳು. ನೋಡಲು ಕಲ್ಲಿನಂತಿದ್ದರೂ ಅವು ಸಿಗಡಿ, ಏಡಿಗಳ ಬಳಗಕ್ಕೆ ಸೇರಿದವು. ನೀರು ಮುಚ್ಚಿದೊಡನೆ ಬಾಯಿ ತೆರೆದು, ಗರಿಯಂಥ ಕಾಲುಗಳನ್ನು ಬೀಸಿ ಬೀಸಿ ಆಹಾರವನ್ನು ಒಳಗೆಳೆದುಕೊಳ್ಳುತ್ತವೆ.

ಬಂಡೆ ಬೇಡವೆಂದರೆ ಹಸಿ ಮರಳೂ ಸಾಕು. ನೀರು ಹಿಂದೆ ಸರಿದ ಮೇಲೆ ಸಾಸಿವೆಗಿಂತ ತುಸು ದೊಡ್ಡದಾದ ಮರಳಿನ ಉಂಡೆಗಳು ಸಾವಿರಗಟ್ಟಲೆ ಹರಡಿಕೊಂಡು, ಒಂದು ಸಣ್ಣ ಬಿಲದ ಸುತ್ತ ರಂಗೋಲಿಯಂತೆ ಕಾಣುವುದನ್ನು ನೀವು ತುಳಿದುಕೊಂಡೇ ಹೋಗಿರುತ್ತೀರಿ. ಉಗುರಿನಷ್ಟು ದೊಡ್ಡ ಏಡಿಯೊಂದು ಮರಳನ್ನು ಬಾಯಿಗಿಟ್ಟು, ಕಣಗಳಿಗಂಟಿದ ಆಹಾರವನ್ನಷ್ಟೇ ಸೋಸಿಕೊಂಡು, ಉಳಿದದ್ದನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ಮುಂದಿನ ಭರತ ಎಲ್ಲವನ್ನೂ ಅಳಿಸುತ್ತದೆ, ಅದು ಇಳಿದ ಮೇಲೆ ಏಡಿ ಮತ್ತೆ ಮೊದಲಿನಿಂದ ಆರಂಭಿಸುತ್ತದೆ.

ಒಂದು ಎಚ್ಚರಿಕೆ: ಸೋಮೇಶ್ವರದ ಕಡಲು ಈಜುವವರಿಗೆ ಅಪಾಯಕಾರಿ, ಬಂಡೆಗಳ ಮೇಲಿನ ಪಾಚಿ ಬಹಳ ಜಾರುತ್ತದೆ. ಮಳೆಗಾಲದಲ್ಲಿ ಆ ಬಂಡೆಗಳ ಹತ್ತಿರವೂ ಸುಳಿಯಬೇಡಿ. ಉಳಿದ ತಿಂಗಳುಗಳಲ್ಲಿಯೂ ಕಡಲಿಗೆ ಬೆನ್ನು ಹಾಕಿ ನಿಲ್ಲಬೇಡಿ. ಮಕ್ಕಳು ಖಾಲಿ ಚಿಪ್ಪುಗಳನ್ನು ಜೇಬಿಗೆ ಹಾಕಿಕೊಳ್ಳುವುದನ್ನು ಕಂಡರೆ, ಬೆಳೆದ ಸನ್ಯಾಸಿ ಏಡಿಗೆ ದೊಡ್ಡ ಮನೆ ಬೇಕಾಗುತ್ತದೆ ಎಂದು ಹೇಳಿ ನೋಡಿ. ನನ್ನ ಅನುಭವದಲ್ಲಿ ಬೈಯುವುದಕ್ಕಿಂತ ಈ ಮಾತು ಹೆಚ್ಚು ಕೆಲಸ ಮಾಡುತ್ತದೆ.

ಪ್ರಶ್ನೆ: ರಾತ್ರಿ ಅಲೆಗಳು ನೀಲಿಯಾಗಿ ಮಿಂಚುವುದನ್ನು ಕಂಡೆವು. ಇದು ಮಾಲಿನ್ಯವೇ?
(ಕುಂದಾಪುರದ ಓದುಗರು)

ಉತ್ತರ: ಬೆಳಗುವುದು ರಾಸಾಯನಿಕ ತ್ಯಾಜ್ಯವಲ್ಲ, ಜೀವಿ. ನೊಕ್ಟಿಲೂಕಾ ಎಂಬ ಏಕಕೋಶ ಜೀವಿಗಳು ನೀರಿನಲ್ಲಿ ಒಮ್ಮೆಗೇ ಹೆಚ್ಚಿದಾಗ, ಅಲೆ ಮುರಿದು ಅಲುಗಾಡಿಸಿದೊಡನೆ ಬೆಳಕು ಬೀರುತ್ತವೆ. ಅವು ತೀರ ಹೆಚ್ಚಾಗಿದ್ದರೆ ಹಗಲಲ್ಲಿ ಅದೇ ನೀರು ಹಸಿರಾಗಿಯೋ ಕೆಂಪಾಗಿಯೋ ಕಾಣುತ್ತದೆ, ಮೀನುಗಳಿಗೆ ತೊಂದರೆಯೂ ಆಗಬಹುದು. ಬೆಳದಿಂಗಳಿಲ್ಲದ ರಾತ್ರಿ, ದಡದ ದೀಪಗಳಿಂದ ದೂರ ಹೋಗಿ, ಮೊಬೈಲನ್ನು ಜೇಬಿನಲ್ಲಿಟ್ಟು ಹತ್ತು ನಿಮಿಷ ಕಣ್ಣನ್ನು ಕತ್ತಲಿಗೆ ಒಗ್ಗಿಸಿಕೊಂಡರೆ ಚೆನ್ನಾಗಿ ಕಾಣುತ್ತದೆ.

ಪ್ರಶ್ನೆ: ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಂಬಗಳು ಕೆತ್ತಿಟ್ಟಂತಿವೆ. ನಿಜವಾಗಿಯೂ ತಾನಾಗಿ ಆದವೇ?
(ಹುಬ್ಬಳ್ಳಿಯ ಶಿಕ್ಷಕರು)

ಉತ್ತರ: ತಾನಾಗಿಯೇ ಆದವು. ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳ ಬಿರುಕು ಬಿಟ್ಟು ಐದಾರು ಮೂಲೆಗಳ ಹೆಂಟೆಗಳಾಗುವುದನ್ನು ನಿಮ್ಮ ಕಡೆಯ ಮಕ್ಕಳು ಕಂಡೇ ಇರುತ್ತಾರೆ. ಕರಗಿದ ಶಿಲಾರಸ ಮೆಲ್ಲನೆ ಆರುತ್ತಾ ಕುಗ್ಗಿದಾಗಲೂ ಹಾಗೆಯೇ ಬಿರುಕು ಬೀಳುತ್ತದೆ. ಅದು ಮೇಲ್ಮೈಯಲ್ಲೇ ನಿಲ್ಲದೆ ಆಳಕ್ಕಿಳಿಯುವುದರಿಂದ ಹೆಂಟೆಯ ಬದಲು ಕಂಬ ಉಂಟಾಗುತ್ತದೆ. ಈ ಶಿಲೆಗೆ ಸುಮಾರು 8.8 ಕೋಟಿ ವರ್ಷ ವಯಸ್ಸು. ಮಡಗಾಸ್ಕರ್ ಮತ್ತು ಭಾರತ ಒಂದರಿಂದೊಂದು ಬೇರ್ಪಟ್ಟ ಕಾಲದ ಜ್ವಾಲಾಮುಖಿ ಚಟುವಟಿಕೆಯ ಗುರುತು ಅದು. ಮಕ್ಕಳನ್ನು ಕರೆದೊಯ್ಯುವ ಯೋಚನೆಯಿದ್ದರೆ ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಹೊರಡುವುದಿಲ್ಲ ಎಂಬುದು ನೆನಪಿರಲಿ.

ಪ್ರಶ್ನೆ: ಜುಲೈ ತಿಂಗಳಲ್ಲಿ ಕುಮಾರಪರ್ವತ ಹತ್ತಬೇಕೆಂದಿದ್ದೇವೆ. ಉಂಬಳಗಳಿಗೆ ಏನು ಉಪಾಯ?
(ದಾವಣಗೆರೆಯ ಕಾಲೇಜು ವಿದ್ಯಾರ್ಥಿಗಳು)

ಉತ್ತರ: ಮೊದಲ ಉಪಾಯವೆಂದರೆ ಜುಲೈಯಲ್ಲಿ ಹತ್ತದಿರುವುದು. ಕುಮಾರಪರ್ವತ 1,712 ಮೀಟರ್ ಎತ್ತರದ್ದು, ಕುಕ್ಕೆಯ ಕಡೆಯಿಂದ ಹೊರಟವರಿಗೆ ಏರು ತುಂಬ ಕಡಿದು. ಮಳೆ, ಮಂಜು, ಜಾರುವ ಬಂಡೆ ಮೂರೂ ಸೇರಿದರೆ ತುದಿಯಲ್ಲಿ ಕಾಣುವುದು ಮುಂದೆ ನಡೆಯುವವರ ಬೆನ್ನುಚೀಲ ಮಾತ್ರ. ಮಳೆ ನಿಂತು ಹುಲ್ಲು ಇನ್ನೂ ಹಸಿರಾಗಿರುವ ಅಕ್ಟೋಬರ್, ನವೆಂಬರ್ ತಿಂಗಳುಗಳೇ ನೋಡುವವರ ಕಾಲ. ಅರಣ್ಯ ಇಲಾಖೆಯ ಅನುಮತಿಯನ್ನು ಆನ್‌ಲೈನ್‌ನಲ್ಲಿ ಮುಂಗಡವಾಗಿಯೇ ಪಡೆಯಬೇಕು, ಯಾವ ದಾರಿ ಯಾವಾಗ ತೆರೆದಿದೆ ಎಂಬುದನ್ನೂ ಹೊರಡುವ ಮುನ್ನ ವಿಚಾರಿಸಿಕೊಳ್ಳಬೇಕು.

ಮಳೆಯನ್ನೇ ನೋಡಬೇಕೆಂಬ ಆಸೆಯಿದ್ದರೆ ಶಿಖರದ ಗೊಡವೆಗೆ ಹೋಗದೆ ಆಗುಂಬೆಯಂಥ ಊರಿನಲ್ಲಿ ಎರಡು ದಿನ ತಂಗಿ. ಬೆಳಕು ಹರಿಯುವ ಮೊದಲೇ ಹಳ್ಳದ ಬದಿಯಲ್ಲಿ ಸಿಳ್ಳಾರ ಎಂಬ ಹಕ್ಕಿ ಹಾಡಲು ತೊಡಗುತ್ತದೆ. ಶಾಲೆಗೆ ಚಕ್ಕರ್ ಹಾಕಿದ ಹುಡುಗ ರಾಗ ನೆನಪಾಗದೆ ಸುಮ್ಮನೆ ಸಿಳ್ಳೆ ಹಾಕುತ್ತಿರುವಂತೆ ಕೇಳುವ ಆ ದನಿ ಮಳೆಗಾಲದಲ್ಲೇ ಹೆಚ್ಚು. ರಾತ್ರಿ ಕಪ್ಪೆಗಳ ಸರದಿ.

ಇನ್ನು ಉಂಬಳದ ಮಾತು. ಕುಳಿತಲ್ಲೇ ಅದನ್ನು ಗಮನಿಸಿದರೆ ಅರ್ಧ ಭಯ ಹೋಗುತ್ತದೆ. ತರಗೆಲೆಯ ತುದಿಯಲ್ಲಿ ಹಿಂಬದಿಯ ಹೀರುಬಟ್ಟಲನ್ನು ಊರಿ, ಮುಂಭಾಗವನ್ನು ಗಾಳಿಯಲ್ಲಿ ತೂಗಾಡಿಸುತ್ತಾ, ನಮ್ಮ ಹೆಜ್ಜೆಯ ಅದುರು, ಮೈಶಾಖ, ಉಸಿರು ಇವುಗಳ ಜಾಡು ಹಿಡಿದು ಗೇಣು ಹಾಕುತ್ತಾ ಬರುತ್ತದೆ. ಕಚ್ಚಿದ್ದು ತಿಳಿಯುವುದಿಲ್ಲ, ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಅದರ ಜೊಲ್ಲಿನಲ್ಲಿರುವುದರಿಂದ ಬಿಟ್ಟ ಮೇಲೂ ಬಹಳ ಹೊತ್ತು ಜಿನುಗುತ್ತದೆ. ಪ್ಯಾಂಟಿನ ಅಂಚನ್ನು ಉದ್ದ ಕಾಲುಚೀಲದೊಳಗೆ ಸೇರಿಸಿ, ಎಲ್ಲಿಯೂ ಬಹಳ ಹೊತ್ತು ನಿಲ್ಲಬೇಡಿ. ಅಂಟಿಕೊಂಡದ್ದನ್ನು ಎಳೆಯಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಸಪೂರವಾದ ತುದಿಯ ಅಡಿಗೆ ಉಗುರು ತೂರಿಸಿ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಆಮೇಲೆ ಸಾಬೂನಿನಿಂದ ತೊಳೆದು ಒತ್ತಿಹಿಡಿಯಿರಿ. ಉಪ್ಪಿನ ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನು ಒಮ್ಮೆ ಕಾಗದದ ಪೊಟ್ಟಣದಲ್ಲಿ ಉಪ್ಪು ಕಟ್ಟಿಕೊಂಡು ಹೋಗಿ, ಅದು ಮಳೆಗೆ ಕರಗಿ ಚೀಲದಲ್ಲಿದ್ದ ಚಪಾತಿಗಳಿಗೆ ಇಳಿದಿತ್ತು. ಉಂಬಳಗಳಿಗೆ ಅದರಿಂದ ಏನೂ ಆಗಲಿಲ್ಲ.

ಪ್ರಶ್ನೆ: ನಾಲ್ಕನೇ ಮಹಡಿಯ ಬಾಲ್ಕನಿಯಲ್ಲಿ ಕುಂಡದಲ್ಲಿರುವ ಕರಿಬೇವಿನ ಗಿಡವನ್ನು ಹುಳುಗಳು ತಿಂದು ಬೋಳು ಮಾಡುತ್ತಿವೆ. ಯಾವ ಔಷಧ ಹೊಡೆಯಬೇಕು?
(ಬೆಂಗಳೂರಿನ ಹಿರಿಯ ಓದುಗರು)

ಉತ್ತರ: ಔಷಧದ ಬಾಟಲಿಯನ್ನು ಒಂದು ತಿಂಗಳು ಪಕ್ಕಕ್ಕಿಡಿ ಎಂದು ಬೇಡಿಕೊಳ್ಳುತ್ತೇನೆ. ನಿಮ್ಮ ಗಿಡದಲ್ಲಿರುವವು ಬಹುಮಟ್ಟಿಗೆ ಕಾಮನ್ ಮಾರ್ಮನ್ ಚಿಟ್ಟೆಯ ಮರಿಗಳು. ತಾಯಿ ಚಿಟ್ಟೆ ಎಲೆಯ ಮೇಲೆ ಮುಂಗಾಲುಗಳನ್ನು ಬಡಿದು, ಕಾಲಿನಲ್ಲೇ ರುಚಿ ನೋಡಿ, ಇದು ಕರಿಬೇವಿನ ಬಳಗದ್ದೇ ಎಂದು ಖಾತ್ರಿಯಾದ ಮೇಲೆ ಚಿಗುರಿನ ಮೇಲೆ ಒಂದೊಂದೇ ಮೊಟ್ಟೆ ಇಡುತ್ತದೆ. ನಾಲ್ಕನೇ ಮಹಡಿಯವರೆಗೆ ಅದು ಬಂದದ್ದೇ ನಿಮ್ಮ ಗಿಡವನ್ನು ಹುಡುಕಿಕೊಂಡು.

ಎಳೆಯ ಹುಳು ಕಂದುಬಿಳಿ ಬಣ್ಣದ್ದು, ಹಸಿಹಸಿಯಾಗಿ ಹೊಳೆಯುತ್ತದೆ. ಅದನ್ನು ಹಕ್ಕಿಯ ಹಿಕ್ಕೆ ಎಂದುಕೊಂಡು ನೀವು ಒರೆಸಿ ಹಾಕಿರಲೂಬಹುದು. ಹಕ್ಕಿಗಳೂ ಹಾಗೆಯೇ ತಿಳಿದು ಬಿಟ್ಟುಬಿಡುತ್ತವೆ. ಕೊನೆಯ ಪೊರೆ ಕಳಚಿದ ಮೇಲೆ ಅದು ಎಲೆಹಸಿರು ಬಣ್ಣ ತಾಳುತ್ತದೆ, ಹೆಗಲ ಮೇಲೆ ಹುಸಿಕಣ್ಣುಗಳು ಮೂಡುತ್ತವೆ. ಹುಲ್ಲುಕಡ್ಡಿಯಿಂದ ಬೆನ್ನನ್ನು ಮೆಲ್ಲಗೆ ಮುಟ್ಟಿದರೆ ತಲೆಯ ಹಿಂದಿನಿಂದ ಹಾವಿನ ನಾಲಗೆಯಂಥ ಕೆಂಪು ಕವಲೊಂದನ್ನು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಒಮ್ಮೆ ನೋಡಿದರೆ ಸಾಕು, ಪದೇಪದೇ ಕಾಡಬೇಡಿ. ಸುಮಾರು ಎರಡು ವಾರ ತಿಂದು, ಕಡ್ಡಿಗೆ ನೂಲಿನ ನಡುಪಟ್ಟಿ ಬಿಗಿದುಕೊಂಡು ಕೋಶವಾಗುತ್ತದೆ. ಚಿಟ್ಟೆ ಹೊರಬರುವುದು ಸಾಮಾನ್ಯವಾಗಿ ಬೆಳಗಿನ ಹೊತ್ತು.

ಹೊರಬಂದದ್ದು ಕಪ್ಪು ರೆಕ್ಕೆಯ ಮೇಲೆ ಬಿಳಿ ಚುಕ್ಕೆಗಳ ಸಾಲಿದ್ದರೆ ಬಹುಶಃ ಗಂಡು. ಹೆಣ್ಣುಗಳಲ್ಲಿ ಮೂರು ರೂಪಗಳಿವೆ. ಒಂದು ಗಂಡನ್ನು ಹೋಲುತ್ತದೆ. ಉಳಿದೆರಡು ಕಾಮನ್ ರೋಸ್, ಕ್ರಿಮ್ಸನ್ ರೋಸ್ ಎಂಬ ಬೇರೆ ಚಿಟ್ಟೆಗಳ ಕೆಂಪು ಗುರುತುಗಳನ್ನು ಎರವಲು ಪಡೆದಂತಿರುತ್ತವೆ. ಆ ರೋಸ್‌ಗಳು ಈಶ್ವರಬಳ್ಳಿಯನ್ನು ತಿಂದು ಬೆಳೆದು ಮೈಯಲ್ಲಿ ವಿಷ ಇಟ್ಟುಕೊಂಡಿರುವುದರಿಂದ ಹಕ್ಕಿಗಳು ಅವುಗಳ ತಂಟೆಗೆ ಹೋಗುವುದಿಲ್ಲ. ನಿಮ್ಮ ಕರಿಬೇವಿನಲ್ಲಿ ಬೆಳೆದದ್ದಕ್ಕೆ ವಿಷವಿಲ್ಲ, ವೇಷ ಮಾತ್ರ.

ಗಿಡದ ಬಗ್ಗೆ ಚಿಂತೆ ಬೇಡ, ಬೇರು ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ. ಒಗ್ಗರಣೆಗೆ ತೊಂದರೆಯಾದರೆ ಕರಿಬೇವಿನದೇ ಎರಡನೆಯ ಕುಂಡವೊಂದನ್ನು ತಂದು ಹುಳುಗಳನ್ನು ಎಲೆಯ ಸಮೇತ ಅದಕ್ಕೆ ವರ್ಗಾಯಿಸಿ. ಬೇರೆ ಬಳಗದ ಗಿಡಕ್ಕೆ ಹಾಕಿದರೆ ಮಾತ್ರ ಹಸಿದು ಸಾಯುತ್ತವೆ.

ಪ್ರಶ್ನೆ: ಸಣ್ಣ ಹಕ್ಕಿಯೊಂದು ದಿನವಿಡೀ ಸ್ಕೂಟರಿನ ಕನ್ನಡಿಯನ್ನು ಕುಕ್ಕುತ್ತಿದೆ. ಅದೇ ಜಾತಿಯದೇ ಇನ್ನೊಂದು, ಬಟ್ಟೆ ಒಣಹಾಕುವ ತಂತಿಗೆ ಕಸ ತಂದು ನೇತುಹಾಕುತ್ತಿದೆ. ಏನು ಮಾಡಲಿ?
(ಶಿರಸಿಯ ಗೃಹಿಣಿ)

ಉತ್ತರ: ನೀವು ಬರೆದ ಲಕ್ಷಣಗಳನ್ನು ನೋಡಿದರೆ ಇದು ಸೂರಕ್ಕಿಗಳ ಸಂಸಾರ. ಕನ್ನಡಿ ಕುಕ್ಕುವುದು ಗಂಡು. ಅದರೊಳಗಿನ ಪ್ರತಿಬಿಂಬ ತನ್ನ ಜಾಗಕ್ಕೆ ನುಗ್ಗಿದ ಇನ್ನೊಂದು ಗಂಡೆಂದು ತಿಳಿದು ಜಗಳಕ್ಕೆ ನಿಂತಿದೆ. ಹಳೆಯ ಕಾಲುಚೀಲವೊಂದನ್ನು ಕನ್ನಡಿಗೆ ತೊಡಿಸಿದರೆ ಜಗಳ ನಿಲ್ಲುತ್ತದೆ. ತಂತಿಯ ಮೇಲಿನದು ಕಸವಲ್ಲ, ಗೂಡಿನ ಆರಂಭ. ನಾರು, ಒಣ ಎಲೆ, ತೊಗಟೆಯ ಚೂರುಗಳನ್ನು ಜೇಡರ ಬಲೆಯ ನೂಲಿನಿಂದ ಕಟ್ಟಿ, ಬಾಗಿಲಿನ ಮೇಲೆ ಸಣ್ಣ ಮಾಡನ್ನೂ ಇಳಿಸುವುದು ಹೆಚ್ಚಾಗಿ ಹೆಣ್ಣಿನ ಕೆಲಸ. ಕಾವಿಗೆ ಎರಡು ವಾರ, ಮರಿ ಹಾರುವುದಕ್ಕೆ ಇನ್ನೂ ಎರಡು ವಾರಕ್ಕಿಂತ ತುಸು ಹೆಚ್ಚು. ಅಷ್ಟು ದಿನ ಬಟ್ಟೆಯನ್ನು ಜಗಲಿಯಲ್ಲೇ ಒಣಹಾಕಿ, ಮರಿಗಳು ಹಾರಿದ ದಿನ ನಮಗೊಂದು ಕಾರ್ಡು ಬರೆಯಿರಿ.