ಖಾಯಂ ಸೀಟಿಲ್ಲದ ಆಫೀಸು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮದು 60 ಜನರ ಆಫೀಸು. ವಾರಕ್ಕೆ ಮೂರು ದಿನ ಬಂದರೆ ಸಾಕು. ಹಾಗಾಗಿ ಯಾರಿಗೂ ಸ್ವಂತ ಸೀಟು ಬೇಡ, 30 ಮೇಜು ಉಳಿಸಿದರಾಯಿತು ಎನ್ನುತ್ತಾರೆ ಮಾಲೀಕರು. ಸಾಕಾದೀತೇ?
– ಓದುಗರು, ಬೆಂಗಳೂರು

ಉತ್ತರ: ಸಾಲದು. 60 ಜನ ಮೂರು ದಿನ ಬಂದರೆ ವಾರಕ್ಕೆ 180 ಹಾಜರಿ. 30 ಮೇಜುಗಳಲ್ಲಿ ಐದು ದಿನಕ್ಕೆ ಕೂರಲಾಗುವುದು 150 ಮಾತ್ರ. ಸಮನಾಗಿ ಹಂಚಿಕೊಂಡು ಬಂದರೂ 36 ಬೇಕು. ಹಾಗೆ ಬರುವವರಾದರೂ ಯಾರು? ಸೋಮವಾರ, ಶುಕ್ರವಾರ ಮನೆಯಲ್ಲೇ ಇರೋಣ ಎಂಬುದೇ ಎಲ್ಲರ ಮನಸ್ಸಿನಲ್ಲಿರುತ್ತದೆ.

ಆದ್ದರಿಂದ ಸರಾಸರಿಯನ್ನು ಬದಿಗಿಡಿ. ಎಂಟು ವಾರದ ಹಾಜರಿ ತೆಗೆದು, ಅತಿ ಹೆಚ್ಚು ಜನ ಬಂದ ದಿನ ಹುಡುಕಿ. ಅದು 45 ಎಂದಾದರೆ ಹತ್ತನೇ ಒಂದು ಭಾಗ ಕೂಡಿಸಿ 50 ಮೇಜು ಇಡಿ. ಇನ್ನೂ ಇಳಿಸಬೇಕೆಂದರೆ ಯಾವ ತಂಡ ಯಾವ ದಿನ ಎಂದು ಗೊತ್ತುಮಾಡಬೇಕು. ಆಗ 40ರಲ್ಲಿ ನಡೆಯಬಹುದು. ಒಂದೇ ಕೆಲಸ ಮಾಡುವವರನ್ನು ಮಾತ್ರ ಬೇರೆ ಬೇರೆ ದಿನಕ್ಕೆ ಹಾಕಬೇಡಿ. ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಕಳೆದು ಬಂದವರು ಮತ್ತೆ ವಿಡಿಯೊ ಕಾಲ್‌ಗೇ ಕೂರಬೇಕಾಗುತ್ತದೆ.

ಫೈಲು, ಚೆಕ್‌ಬುಕ್ ಇಟ್ಟುಕೊಳ್ಳುವ ಅಕೌಂಟ್ಸ್‌ನವರಿಗೂ ಅಂಗವಿಕಲರಿಗೂ ಖಾಯಂ ಮೇಜು ಇರಲಿ. ಉಳಿದವರಿಗೆ ತಲಾ ಒಂದು ಲಾಕರ್: ಬ್ಯಾಗು, ಹೆಲ್ಮೆಟ್, ಊಟದ ಡಬ್ಬಿ ಮೂರೂ ಹಿಡಿಯಬೇಕು. 15 ಇಂಚು ಅಗಲ, 18 ಇಂಚು ಆಳಕ್ಕಿಂತ ಚಿಕ್ಕದು ಬೇಡ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1994ರಲ್ಲಿ ಲಾಸ್ ಏಂಜಲೀಸ್‌ನ ಜಾಹೀರಾತು ಸಂಸ್ಥೆ ಶಯಾಟ್ ಡೇ ಸ್ವಂತ ಮೇಜುಗಳನ್ನೆಲ್ಲ ತೆಗೆದುಹಾಕಿತು. ಜನ ಕಾಗದಪತ್ರಗಳನ್ನು ಕಾರಿನ ಡಿಕ್ಕಿಯಲ್ಲಿ ಇಟ್ಟುಕೊಳ್ಳತೊಡಗಿದರು. ಕೆಲವೇ ವರ್ಷಗಳಲ್ಲಿ ಮೇಜುಗಳು ವಾಪಸು ಬಂದವು.

ಪ್ರಶ್ನೆ: ಫೋನ್‌ನಲ್ಲಿ ಮಾತಾಡಲೆಂದು ಮಾಡಿಸಿದ ಪುಟ್ಟ ಕೋಣೆಯ ಮಾತೆಲ್ಲ ಹೊರಗೆ ಕೇಳುತ್ತದೆ. ಒಳಗೆ ಫೋಮ್ ಅಂಟಿಸಿದರೂ ಅಷ್ಟೇ.
– ಓದುಗರು, ಹುಬ್ಬಳ್ಳಿ

ಉತ್ತರ: ಫೋಮ್ ಕೋಣೆಯೊಳಗಿನ ಪ್ರತಿಧ್ವನಿಯನ್ನು ತಗ್ಗಿಸುತ್ತದೆ, ಹೊರಹೋಗುವ ದನಿಯನ್ನು ತಡೆಯುವುದಿಲ್ಲ. ಮೊದಲು ಫಾಲ್ಸ್ ಸೀಲಿಂಗ್‌ನ ಒಂದು ಟೈಲ್ ಎತ್ತಿ ನೋಡಿ. ಗೋಡೆ ಅಲ್ಲಿಗೇ ನಿಂತಿದ್ದರೆ ದನಿ ಅದರ ಮೇಲಿಂದ ದಾಟುತ್ತಿದೆ. ಗೋಡೆಯನ್ನು ಆರ್‌ಸಿಸಿ ತಾರಸಿಯವರೆಗೆ ಏರಿಸಿ: ಎರಡೂ ಬದಿಗೆ 12.5 ಮಿ.ಮೀ. ಜಿಪ್ಸಂ ಬೋರ್ಡ್ ಎರಡೆರಡು ಪದರ, ನಡುವೆ 50 ಮಿ.ಮೀ. ರಾಕ್‌ವೂಲ್ (ಕಲ್ಲಿನ ನಾರಿನ ಹಾಸು), ಅಂಚುಗಳಿಗೆಲ್ಲ ಸೀಲಂಟ್. ಇನ್ನೊಂದು ಕಳ್ಳದಾರಿ ಬಾಗಿಲ ಕೆಳಗಿನ ಸಂದು. ಬಾಗಿಲು ಮುಚ್ಚಿದಾಗ ತಾನೇ ಕೆಳಗಿಳಿಯುವ ರಬ್ಬರ್ ಪಟ್ಟಿ ಹಾಕಿಸಿ.

ಸಂದುಗಳೆಲ್ಲ ಮುಚ್ಚಿದ ಮೇಲೆ ಗಾಳಿಯ ಪ್ರಶ್ನೆ ಬರುತ್ತದೆ. ನಾಲ್ಕಡಿ ಚೌಕದ, ಎಂಟಡಿ ಎತ್ತರದ ಕೋಣೆಯಲ್ಲಿ ಒಬ್ಬರು ಕೂತರೆ ಇಂಗಾಲದ ಡೈಆಕ್ಸೈಡ್ ಏಳೆಂಟು ನಿಮಿಷದಲ್ಲೇ 1000 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸಾವಿರ ಭಾಗ) ದಾಟಬಹುದು. ಅರ್ಧ ಗಂಟೆಯ ಕಾಲ್ ಮುಗಿಯುವಷ್ಟರಲ್ಲಿ ಕೋಣೆ ಉಸಿರುಕಟ್ಟುವಂತಿರುತ್ತದೆ. ಮೇಲೆ ನಾಲ್ಕಿಂಚಿನ ಎಕ್ಸಾಸ್ಟ್ ಫ್ಯಾನ್, ಕೆಳಗೆ ಗಾಳಿ ಒಳಬರಲು ಎರಡು ಕಡೆ ತಿರುವಿರುವ, ಒಳಗೆ ಫೋಮ್ ಹಚ್ಚಿದ ಡಕ್ಟ್ ಇರಲಿ. ಗಾಳಿ ತಿರುವಿನಲ್ಲಿ ಹೋಗುತ್ತದೆ, ದನಿ ಅಲ್ಲೇ ಸಾಯುತ್ತದೆ. ನಿಮ್ಮ ಫೋಮ್ ಅಲ್ಲಿಗೆ ಬಳಕೆಯಾದೀತು.

ಪ್ರಶ್ನೆ: ದಿನಕ್ಕೊಂದು ಮೇಜಿನಲ್ಲಿ ಕೂತು ಕುತ್ತಿಗೆ ನೋಯುತ್ತಿದೆ.
– ಓದುಗರು, ಮಂಗಳೂರು

ಉತ್ತರ: ಬರಿಯ ಲ್ಯಾಪ್‌ಟಾಪ್‌ನಲ್ಲಿ ಪರದೆಯೂ ಕೀಬೋರ್ಡೂ ಒಟ್ಟಿಗಿರುವುದರಿಂದ ಕುತ್ತಿಗೆಯಾದರೂ ಬಾಗಬೇಕು, ಇಲ್ಲವೇ ಭುಜವಾದರೂ ಏರಬೇಕು. ಪ್ರತಿ ಮೇಜಿಗೂ ಟೈಪ್-ಸಿ ಕೇಬಲ್ ಇರುವ ಮಾನಿಟರ್ ಕೇಳಿ. ಸಿಗದಿದ್ದರೆ ಲ್ಯಾಪ್‌ಟಾಪ್ ಸ್ಟ್ಯಾಂಡ್, ಕೀಬೋರ್ಡ್, ಮೌಸ್ ಲಾಕರ್‌ನಲ್ಲಿಟ್ಟುಕೊಳ್ಳಿ. ಕೂತ ಕೂಡಲೇ ಮೊಣಕೈ ಮೇಜಿನ ಮಟ್ಟಕ್ಕೆ ಬರುವಂತೆ ಕುರ್ಚಿ ಎತ್ತರಿಸಿ. ಪರದೆಯ ಮೇಲಂಚು ಕಣ್ಣಿನ ನೇರಕ್ಕಿರಲಿ. ಪಾದ ನೆಲ ಮುಟ್ಟದಿದ್ದರೆ ಎ4 ಕಾಗದದ ಎರಡು ರೀಮು ಕಾಲಡಿ ಇಟ್ಟರೂ ಸಾಕು.