ದೂರವನ್ನು ಮದ್ದಿನಿಂದ ಗೆಲ್ಲಲಾಗದು: ಕೋವಿ ಮತ್ತು ಗುರಿಯ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾನು ಮಡಿಕೇರಿಯ ಕಡೆಯವನು. ಪೆನ್ಸಿಲ್ವೇನಿಯಾಕ್ಕೆ ಬಂದು ಆರು ವರ್ಷವಾಯಿತು. ಇಲ್ಲಿನ ಬೇಟೆ ತರಬೇತಿ ಮುಗಿಸಿ, ಪರವಾನಗಿ ಪಡೆದು, ಕಳೆದ ವರ್ಷ ಬಾಯಿಯಿಂದ ಮದ್ದು ತುಂಬುವ ಪಾಯಿಂಟ್ 50 ಕ್ಯಾಲಿಬರ್ ಚಕಮಕಿ ಕೋವಿ ಕೊಂಡೆ. ಎರಡು ಎಫ್ (ಕಾಳಿನ ದಪ್ಪದ ಗುರುತು) ಕರಿಮದ್ದು 70 ಗ್ರೇನ್ (ಸುಮಾರು ನಾಲ್ಕೂವರೆ ಗ್ರಾಮ್), ಗುಂಡಿಗೆ ಸುತ್ತಲು ಎಣ್ಣೆ ಹಚ್ಚಿದ ಬಟ್ಟೆ, 0.490 ಅಂಗುಲದ ಸೀಸದ ಗುಂಡು: ಇದು ನನ್ನ ಈಡು. 50 ಗಜದಲ್ಲಿ ಮೂರು ಗುಂಡುಗಳೂ ಅಂಗೈಯಗಲದೊಳಗೆ, ಸರಿಯಾಗಿ ನಡುವಿಗೇ ಬೀಳುತ್ತವೆ. ಜನವರಿಯಲ್ಲಿ ಒಂದು ಹೆಣ್ಣು ಜಿಂಕೆ ಬಯಲಿನ ಆಚೆ ಅಡ್ಡವಾಗಿ ನಿಂತಿತ್ತು. 80 ಗಜ ಇರಬಹುದೆಂದುಕೊಂಡು ಎದೆಯ ನಡುವಿಗೆ ಗುರಿಯಿಟ್ಟೆ. ಗುಂಡು ಹೊಟ್ಟೆಯ ಕೆಳಗಿನಿಂದ ಹೋಗಿ ಹಿಮಕ್ಕೆ ಬಡಿಯಿತು. ಆಮೇಲೆ ಅಳೆದರೆ 118 ಗಜ! ಮದ್ದನ್ನು 110 ಗ್ರೇನಿಗೆ ಏರಿಸಿದರೆ ಗುಂಡು ನೇರವಾಗಿ ಹೋಗುತ್ತದೆ, ಜೊತೆಗೆ ಹಿಂದಿನ ಸೈಟನ್ನೂ (ಗುರಿ ನೋಡುವ ಕಚ್ಚು) ಎತ್ತರಿಸು ಎಂದು ಗೆಳೆಯರು ಹೇಳುತ್ತಾರೆ. ಊರಿನಲ್ಲಿ ಕೈಲ್‌ಪೊಳ್ದ್ ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿಗೆ ಈಡು ಹೊಡೆದು ಬೆಳೆದವನಿಗೆ ಇದು ಅವಮಾನವೆನಿಸಿದೆ. ಏನು ಮಾಡಲಿ?

ಉತ್ತರ: ಮೊದಲು ಅವಮಾನದ ಮಾತು ಬಿಡಿ. ಪೂರ್ತಿ ತಪ್ಪಿದ ಗುಂಡು ಅರೆಬರೆ ತಾಗಿದ ಗುಂಡಿಗಿಂತ ಸಾವಿರ ಪಾಲು ಮೇಲು. ನಾನು ಇದೇ ರಾಜ್ಯದ ಕಾಡಿನಲ್ಲಿ ಹದಿನೆಂಟು ವರ್ಷದ ಹಿಂದೆ ಇಂಥದೇ ದೂರದಿಂದ ಹೊಡೆದೆ. ನನ್ನ ಗುಂಡು ತಪ್ಪಲಿಲ್ಲ, ಮುಂಗಾಲಿಗೆ ತಾಗಿತು. ಟಾರ್ಚು ಹಿಡಿದು ಹಿಮದ ಮೇಲಿನ ರಕ್ತದ ಜಾಡನ್ನು ರಾತ್ರಿ ಹನ್ನೊಂದರವರೆಗೆ ಹಿಂಬಾಲಿಸಿದೆ. ಮರುದಿನ ಬೆಳಿಗ್ಗೆ ಮತ್ತೆ ಹೋದಾಗ ಹೊಸ ಹಿಮ ಬಿದ್ದು ಜಾಡೇ ಮುಚ್ಚಿಹೋಗಿತ್ತು. ಆ ಜಿಂಕೆ ನನಗೆ ಸಿಗಲಿಲ್ಲ. ನಿಮ್ಮ ಪ್ರಶ್ನೆಗೆ ಇಷ್ಟು ಉದ್ದದ ಉತ್ತರ ಬರೆಯಲು ಅದೇ ಕಾರಣ.

ಈಗ ನಿಮ್ಮ ಗುಂಡಿಗೆ ಏನಾಯಿತು ನೋಡೋಣ. 0.490 ಅಂಗುಲದ ಸೀಸದ ಗುಂಡು ಸುಮಾರು 177 ಗ್ರೇನ್ ತೂಗುತ್ತದೆ, ಅಂದರೆ ಹನ್ನೊಂದೂವರೆ ಗ್ರಾಮ್. 70 ಗ್ರೇನ್ ಮದ್ದಿಗೆ ಅದು ನಳಿಗೆಯ ಬಾಯಿ ಬಿಡುವಾಗ ಸೆಕೆಂಡಿಗೆ 1,650 ಅಡಿಯ ಆಸುಪಾಸಿನಲ್ಲಿರುತ್ತದೆ. ಆದರೆ ದುಂಡು ಗುಂಡಿಗೆ ಗಾಳಿಯೇ ದೊಡ್ಡ ಶತ್ರು. ಚೂಪು ಮೂತಿಯ ಆಧುನಿಕ ಗುಂಡು ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ನಮ್ಮದು ಗೋಲಿಯಂತೆ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು. 100 ಗಜ ಮುಟ್ಟುವಷ್ಟರಲ್ಲಿ ಅದರ ವೇಗ ಸಾವಿರ ಅಡಿಯ ಹತ್ತಿರಕ್ಕೆ ಕುಸಿದಿರುತ್ತದೆ. ವೇಗ ಕುಸಿದಷ್ಟೂ ಗುಂಡು ಗಾಳಿಯಲ್ಲಿ ಹೆಚ್ಚು ಹೊತ್ತು ಇರುತ್ತದೆ, ಹೆಚ್ಚು ಹೊತ್ತು ಇದ್ದಷ್ಟೂ ಹೆಚ್ಚು ಕೆಳಗೆ ಬೀಳುತ್ತದೆ. ನೀವು 50 ಗಜಕ್ಕೆ ಹೊಂದಿಸಿದ ಕೋವಿ 100 ಗಜದಲ್ಲಿ ಸುಮಾರು ಐದು ಅಂಗುಲ, 118 ಗಜದಲ್ಲಿ ಸುಮಾರು ಒಂಬತ್ತು ಅಂಗುಲ ಕೆಳಗೆ ಹೊಡೆಯುತ್ತದೆ. ಕೊನೆಯ ಹದಿನೆಂಟೇ ಗಜದಲ್ಲಿ ನಾಲ್ಕು ಅಂಗುಲದ ಇಳಿತ! ಎದೆಯ ನಡುವಿನಿಂದ ಒಂಬತ್ತು ಅಂಗುಲ ಕೆಳಗೆಂದರೆ ಹೆಣ್ಣು ಜಿಂಕೆಯ ಹೊಟ್ಟೆಯ ಕೆಳಗಿನ ಬರಿ ಗಾಳಿ. ನಿಮ್ಮ ಕೈ ತಪ್ಪು ಮಾಡಲಿಲ್ಲ. ದೂರದ ಅಂದಾಜು ತಪ್ಪಿತು.

ಗೆಳೆಯರ 110 ಗ್ರೇನನ್ನೂ ಲೆಕ್ಕ ಹಾಕೋಣ. ವೇಗ 1,950 ಅಡಿಯವರೆಗೆ ಏರಿತೆಂದೇ ಇಟ್ಟುಕೊಳ್ಳಿ. ನಳಿಗೆಯ ಬಾಯಲ್ಲಿ ಸಿಕ್ಕಿದ ಆ 300 ಅಡಿಯ ಲಾಭದಲ್ಲಿ 100 ಗಜದ ಹೊತ್ತಿಗೆ ಉಳಿಯುವುದು ನೂರು ಅಡಿಯ ಸುತ್ತಮುತ್ತ ಮಾತ್ರ, ಏಕೆಂದರೆ ವೇಗ ಹೆಚ್ಚಿದಷ್ಟೂ ಗಾಳಿ ಹೆಚ್ಚು ಬಲವಾಗಿ ತಡೆಯುತ್ತದೆ. 118 ಗಜದಲ್ಲಿ ನಿಮ್ಮ ಗುಂಡು ಒಂಬತ್ತು ಅಂಗುಲದ ಬದಲು ಆರೂವರೆ, ಏಳು ಅಂಗುಲ ಕೆಳಗೆ ಬೀಳುತ್ತಿತ್ತು. ಅರ್ಧಕ್ಕಿಂತ ಹೆಚ್ಚು ಮದ್ದು ಸೇರಿಸಿ ಗಳಿಸಿದ್ದು ಎರಡೂವರೆ ಅಂಗುಲ. ಆ ಎರಡೂವರೆ ಅಂಗುಲ ಜಿಂಕೆಯನ್ನು ಕೊಲ್ಲುತ್ತಿರಲಿಲ್ಲ, ಎದೆಯ ಕೆಳ ಅಂಚನ್ನು ಸೀಳಿ ಕಳಿಸುತ್ತಿತ್ತು. ಭುಜಕ್ಕೆ ಬಡಿಯುವ ಹೊಡೆತ ಹೆಚ್ಚುತ್ತದೆ, ಬಟ್ಟೆ ಸುಡುತ್ತದೆ, ಗುಂಡುಗಳು ಚೆದರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಕೋವಿ ಮಾಡಿದವರು ಕೈಪಿಡಿಯಲ್ಲಿ ಬರೆದ ಗರಿಷ್ಠ ಅಳತೆಯನ್ನು ಒಂದು ಗ್ರೇನೂ ಮೀರಕೂಡದು. ತೋಟೆಗಳಲ್ಲಿ ಬಳಸುವ ಹೊಗೆರಹಿತ ಮದ್ದನ್ನು ಈ ಕೋವಿಗೆ ಚಿಟಿಕೆಯಷ್ಟೂ ಹಾಕಬೇಡಿ. ನಳಿಗೆ ಸಿಡಿದರೆ ಹೋಗುವುದು ನಿಮ್ಮ ಕೈ, ಕಣ್ಣು.

ಅಡ್ಡಗಾಳಿಯ ವಿಚಾರ ನಿಮ್ಮ ಪತ್ರದಲ್ಲಿ ಇಲ್ಲವೇ ಇಲ್ಲ. ಇಳಿತಕ್ಕಿಂತ ನನಗೆ ಅದರ ಭಯವೇ ಹೆಚ್ಚು. ಗಂಟೆಗೆ 10 ಮೈಲಿ ಗಾಳಿ ಎಂದರೆ ಮರದ ಸಣ್ಣ ರೆಂಬೆಗಳು ಎಡೆಬಿಡದೆ ಅಲುಗುವಷ್ಟು, ಅಷ್ಟೇ. ಆ ಗಾಳಿ ನಿಮ್ಮ ದುಂಡು ಗುಂಡನ್ನು 50 ಗಜದಲ್ಲಿ ಎರಡು ಅಂಗುಲದಷ್ಟು, 118 ಗಜದಲ್ಲಿ ಒಂದು ಅಡಿಗೂ ಹೆಚ್ಚು ಪಕ್ಕಕ್ಕೆ ಒಯ್ಯುತ್ತದೆ. ಇಳಿತವನ್ನು ಸೈಟಿನಲ್ಲಿ ಸರಿಪಡಿಸಬಹುದು. ಬಯಲಿನ ನಡುವೆ ಬೀಸಿ ಅಂಚಿನಲ್ಲಿ ಸುಮ್ಮನಾಗುವ ಗಾಳಿಯನ್ನು ಯಾವ ಸೈಟೂ ಸರಿಪಡಿಸದು.

ಹಾಗಾದರೆ ಮಾಡಬೇಕಾದ್ದೇನು? 70 ಗ್ರೇನನ್ನೇ ಇಟ್ಟುಕೊಳ್ಳಿ. 50 ಗಜದಲ್ಲಿ ಅಂಗೈಯಗಲದ ಗುಂಪು ಕೊಡುವ ಈಡು ನಿಮ್ಮ ಕೈಯಲ್ಲಿದೆ, ಅದನ್ನು ಕೆಡಿಸಬೇಡಿ. ಗುಂಪನ್ನು ಇನ್ನಷ್ಟು ಬಿಗಿ ಮಾಡುವ ಆಸೆಯಿದ್ದರೆ ಕೈಪಿಡಿಯ ಮಿತಿಯೊಳಗೆ ಐದೈದು ಗ್ರೇನ್ ಆಚೀಚೆ ಮಾಡಿ, ಪ್ರತಿ ಅಳತೆಗೆ ಐದು ಗುಂಡು ಹೊಡೆದು ನೋಡಿ. ನಳಿಗೆಯ ಮುಂದೆ ಹತ್ತು ಹದಿನೈದು ಹೆಜ್ಜೆ ದೂರದಲ್ಲಿ ಬಿದ್ದಿರುವ ಬಟ್ಟೆ ತುಂಡುಗಳನ್ನು, ಗುಂಡು ಹೊಡೆಯುವ ವಲಯದಲ್ಲಿ ಎಲ್ಲರೂ ಹೊಡೆಯುವುದನ್ನು ನಿಲ್ಲಿಸಿದ ಮೇಲೆ, ಹೆಕ್ಕಿ ತನ್ನಿ. ಅವು ಓದಲು ಬರುವವರಿಗೆ ಪತ್ರವಿದ್ದಂತೆ. ನಡುವೆ ಮಸಿಯ ದುಂಡು ಗುರುತು, ಅಂಚೆಲ್ಲ ನೆಟ್ಟಗೆ ಉಳಿದಿದ್ದರೆ ಸರಿ. ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಎಣ್ಣೆ ಸಾಲದು. ಕತ್ತಿಯಲ್ಲಿ ಕೊಯ್ದಂತೆ ಹರಿದಿದ್ದರೆ ನಳಿಗೆಯ ಬಾಯಿ ಅಥವಾ ಒಳಗಿನ ಸುರುಳಿ ಗೆರೆಗಳ ಅಂಚು ಇನ್ನೂ ಹರಿತವಾಗಿದೆ.

ಇನ್ನು ಸೈಟು. ನಿಮ್ಮ ಕೋವಿಯನ್ನು 50ರ ಬದಲು 75 ಗಜಕ್ಕೆ ಹೊಂದಿಸಿ. ಹಾಗೆ ಮಾಡಿದರೆ 25 ಗಜದಲ್ಲಿ ಮುಕ್ಕಾಲು ಅಂಗುಲ, 50 ಗಜದಲ್ಲಿ ಒಂದು ಅಂಗುಲಕ್ಕಿಂತ ತುಸು ಮೇಲೆ, 75ರಲ್ಲಿ ಸರಿಯಾಗಿ ನಡುವೆ, 100 ಗಜದಲ್ಲಿ ಸುಮಾರು ಮೂರು ಅಂಗುಲ ಕೆಳಗೆ ಹೊಡೆಯುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶಗಳ ಜಾಗ ಸುಮಾರು ಎಂಟು ಅಂಗುಲ ಅಗಲದ ತಟ್ಟೆಯಷ್ಟು. ಎಂಬತ್ತು, ಎಂಬತ್ತೈದು ಗಜದವರೆಗೂ ಮೇಲೆ ಕೆಳಗೆ ಲೆಕ್ಕ ಹಾಕದೆ ನಡುವಿಗೇ ಗುರಿಯಿಡಬಹುದು. 100 ಗಜವನ್ನು ಗೋಡೆಯೆಂದುಕೊಳ್ಳಿ. ಗಾಳಿಯಿದ್ದರೆ ಆ ಗೋಡೆಯನ್ನು ಇನ್ನೂ ಹತ್ತಿರಕ್ಕೆ ತನ್ನಿ.

ಗೆಳೆಯರು ಹೇಳಿದಂತೆ ಹಿಂದಿನ ಸೈಟನ್ನು ಎತ್ತರಿಸಿದರೆ ಗುಂಡು ಮೇಲೇರುವುದು ನಿಜ. ಹಿಂದಿನ ಸೈಟು ಹೋದ ಕಡೆಗೇ ಗುಂಡು ಹೋಗುತ್ತದೆ, ಮುಂದಿನ ಸೈಟು ಹೋದ ಕಡೆಗೆ ವಿರುದ್ಧವಾಗಿ ಹೋಗುತ್ತದೆ. ಆದರೆ ನಿಮ್ಮ ಹಳೆಯ ಮಾದರಿಯ ಕೋವಿಯಲ್ಲಿ ಹಿಂದಿನ ಸೈಟು ಎತ್ತರಿಸಲು ಬಾರದಂತೆ ಕೂತಿರುತ್ತದೆ. ಮುಂದಿನದನ್ನು ಬೇಕೆಂದೇ ಎತ್ತರವಾಗಿ ಬಿಟ್ಟಿರುತ್ತಾರೆ, ಅರದಿಂದ ಉಜ್ಜಿ ಇಳಿಸಲು. ಎಷ್ಟು ಉಜ್ಜಬೇಕು? ಗುಂಡು ಎಷ್ಟು ಅಂಗುಲ ಮೇಲೇರಬೇಕೋ ಅದನ್ನು ಎರಡು ಸೈಟುಗಳ ನಡುವಿನ ಅಂತರದಿಂದ ಗುಣಿಸಿ, ಗುರಿಯ ದೂರವನ್ನು ಅಂಗುಲಕ್ಕಿಳಿಸಿ ಭಾಗಿಸಿ. ನಿಮ್ಮ ಸೈಟುಗಳ ನಡುವೆ 33 ಅಂಗುಲವಿದೆ ಎಂದುಕೊಳ್ಳಿ. 50 ಗಜವೆಂದರೆ 1,800 ಅಂಗುಲ. 50 ಗಜದಲ್ಲಿ 1.1 ಅಂಗುಲ ಮೇಲೇರಿಸಲು 1.1 ಗುಣಿಸು 33, ಭಾಗಿಸು 1,800. ಬರುವುದು 0.02 ಅಂಗುಲ, ಅಂದರೆ ಅರ್ಧ ಮಿಲಿಮೀಟರ್. ಮೂವತ್ತು ವರ್ಷ ಟೂಲ್‌ರೂಮಿನಲ್ಲಿ ಕೆಲಸ ಮಾಡಿದ ನನಗೂ ಈ ಅರ್ಧ ಮಿಲಿಮೀಟರ್ ಪ್ರತಿ ಸಲ ಬೆರಗು ಹುಟ್ಟಿಸುತ್ತದೆ. ಅದಕ್ಕೇ ಒಮ್ಮೆಗೆ ಎರಡೇ ಎರಡು ಸಲ ಅರ ಎಳೆದು, ಮೂರು ಗುಂಡು ಹೊಡೆದು ನೋಡಿ, ಮತ್ತೆ ಎಳೆಯಿರಿ. ಸಾರಿಗೆ ಉಪ್ಪು ಹಾಕಿದ ಹಾಗೆ, ಹೆಚ್ಚಾದರೆ ತೆಗೆಯಲು ಬರುವುದಿಲ್ಲ. ಎಡಬಲದ ತಿದ್ದುಪಡಿಗೆ ಹಿಂದಿನ ಸೈಟನ್ನು ಹಿತ್ತಾಳೆ ಕಡ್ಡಿಯಿಟ್ಟು ಮೆಲ್ಲಗೆ ತಟ್ಟಿ ಸರಿಸಿದರೆ ಸಾಕು. ಇದೆಲ್ಲ ಖಾಲಿ ಕೋವಿಯ ಮೇಲೆ ಮಾತ್ರ.

ನಾನು ಕೊಟ್ಟ ಅಂಗುಲಗಳು ಲೆಕ್ಕದ ಅಂಗುಲಗಳು. ನಿಮ್ಮ ಕೋವಿಯ ನಿಜವನ್ನು ಕಾಗದದ ಮೇಲೆ 25, 50, 75, 100 ಗಜದಲ್ಲಿ ಹೊಡೆದೇ ತಿಳಿಯಬೇಕು. ಅದರಲ್ಲೂ ಮೊದಲ ಗುಂಡನ್ನು ಪ್ರತ್ಯೇಕವಾಗಿ ಗಮನಿಸಿ. ಎಣ್ಣೆ ಒರೆಸಿದ, ತಣ್ಣಗಿನ, ಸ್ವಚ್ಛ ನಳಿಗೆಯಿಂದ ಹೊರಟ ಮೊದಲ ಗುಂಡು ಎಷ್ಟೋ ಕೋವಿಗಳಲ್ಲಿ ಗುಂಪಿನಿಂದ ಹೊರಗೆ ಬೀಳುತ್ತದೆ. ಜಿಂಕೆಗೆ ನೀವು ಹೊಡೆಯುವುದು ಆ ಮೊದಲ ಗುಂಡನ್ನೇ. ನಾನು ಡಿಸೆಂಬರಿನಲ್ಲಿ ವಾರಕ್ಕೊಮ್ಮೆ ವಲಯಕ್ಕೆ ಹೋಗಿ, ಚಳಿಯಲ್ಲಿ ಅರ್ಧ ಗಂಟೆ ಕೋವಿಯನ್ನು ಹೊರಗಿಟ್ಟು, ಒಂದೇ ಗುಂಡು ಹೊಡೆದು, ಅದೇ ಕಾಗದವನ್ನು ಮಡಚಿಟ್ಟುಕೊಂಡು ಬರುತ್ತೇನೆ. ನಾಲ್ಕು ವಾರದ ನಾಲ್ಕು ತೂತು ಆ ಒಂದೇ ಕಾಗದದಲ್ಲಿರುತ್ತವೆ. ಅದೇ ನನ್ನ ನಿಜವಾದ ಗುಂಪು.

ಗುಂಡನ್ನು ಪ್ರತಿ ಸಲವೂ ಮದ್ದಿಗೆ ಒತ್ತಿಕೊಂಡು ಕೂರುವವರೆಗೆ ಕಡ್ಡಿಯಿಂದ ಇಳಿಸಿ. ಕಡ್ಡಿಯ ಮೇಲೆ ಗುರುತು ಮಾಡಿಟ್ಟುಕೊಳ್ಳಿ. ಮದ್ದಿಗೂ ಗುಂಡಿಗೂ ನಡುವೆ ಜಾಗ ಉಳಿದರೆ ನಳಿಗೆ ಉಬ್ಬುವ ಅಪಾಯವಿದೆ, ಗುರಿಯೂ ಕೆಡುತ್ತದೆ. ಮದ್ದನ್ನು ಕೊಂಬಿನಿಂದ ನೇರವಾಗಿ ಸುರಿಯದೆ ಅಳತೆ ಕೊಳವೆಯಿಂದಲೇ ಹಾಕಿ.

ತೆಂಗಿನಕಾಯಿಯ ಮಾತು ಎತ್ತಿದಿರಿ. ಮರದ ತುದಿಗೆ, ಮೇಲ್ಮುಖವಾಗಿ ಹೊಡೆದು ಅಭ್ಯಾಸವಿರುವವರು ಬೆಟ್ಟದ ಇಳಿಜಾರಿನಲ್ಲೂ ಲೆಕ್ಕ ಹಾಕಲು ಹೋಗುತ್ತಾರೆ. ಮೇಲಕ್ಕೆ ಹೊಡೆದರೂ ಕೆಳಕ್ಕೆ ಹೊಡೆದರೂ ಗುಂಡು ಸಮತಟ್ಟಿನಲ್ಲಿ ಬೀಳುವುದಕ್ಕಿಂತ ತುಸು ಮೇಲೆ ಬೀಳುತ್ತದೆ. ಆದರೆ 30 ಡಿಗ್ರಿ ಇಳಿಜಾರಿನಲ್ಲಿ, 75 ಗಜಕ್ಕೆ, ಆ ವ್ಯತ್ಯಾಸ ಅರ್ಧ ಅಂಗುಲದಷ್ಟು. ಮರೆತುಬಿಡಿ. ಬದಲಿಗೆ ತಾಳ್ಮೆಯನ್ನು ಅಲ್ಲಿಂದ ತನ್ನಿ. ಚಕಮಕಿ ಕಲ್ಲಿನ ಕಿಡಿ ನಳಿಗೆಯ ಪಕ್ಕದ ಪುಟ್ಟ ಬಟ್ಟಲಿನ ಮದ್ದಿಗೆ ಹತ್ತಿ, ಅಲ್ಲಿಂದ ಒಳಗಿನ ಮದ್ದಿಗೆ ತಾಗುವ ಆ ಕ್ಷಣದಲ್ಲಿ ಕೋವಿ ಇಳಿಸದೆ ಗುರಿಯ ಮೇಲೇ ಕಣ್ಣಿಟ್ಟಿರುವುದು ಈ ಕೋವಿಯ ಪೂರ್ತಿ ವಿದ್ಯೆ. ಬಟ್ಟಲು ಮಾತ್ರ ಉರಿದು ಕೋವಿ ಹಾರದಿದ್ದರೆ ಕನಿಷ್ಠ ಒಂದು ನಿಮಿಷ ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದೇ ನಿಂತಿರಿ.

ಕ್ರಿಸ್‌ಮಸ್ ಮರುದಿನ ಶುರುವಾಗುವ ಇಲ್ಲಿನ ಚಕಮಕಿ ಋತು 1974ರಲ್ಲಿ ಆರಂಭವಾದದ್ದು. ಹತ್ತಿರ ಹೋಗಿ ಒಂದೇ ಗುಂಡಿನಲ್ಲಿ ಮುಗಿಸುವ ಬೇಟೆಗೆಂದೇ ಇರುವ ದಿನಗಳು ಅವು. ಮುಂದಿನ ಸಲ ಆ ಬಯಲಿನ ಅಂಚಿಗೆ ಹೋದಾಗ, ಜಿಂಕೆ ಬರುವ ಮೊದಲೇ, ಕೂತ ಜಾಗದಿಂದ 75 ಗಜದ ಒಂದು ಮರವನ್ನು ಅಳೆದು ಗುರುತಿಸಿಟ್ಟುಕೊಳ್ಳಿ. ಅದರಾಚೆ ನಿಂತ ಜಿಂಕೆಯನ್ನು ನೋಡುತ್ತಾ ಕೂತಿರಿ.

ಪ್ರಶ್ನೆ: ಮೂಡಿಗೆರೆ ಹತ್ತಿರದ ನಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ (ಬಡಿದಾಗ ಕಿಡಿ ಕೊಡುವ ಸಣ್ಣ ಟೋಪಿಯ) ಕೋವಿ ಇದೆ. ಬೆಳೆ ರಕ್ಷಣೆಯ ಪರವಾನಗಿ ನನ್ನ ಹೆಸರಿಗೆ ಬಂದಿದೆ. ಇದಕ್ಕೆ ಎಷ್ಟು ಮದ್ದು ಸರಿ, ಹಂದಿಗೆ ಎಷ್ಟು ದೂರದಿಂದ ಹೊಡೆಯಬಹುದು?

ಉತ್ತರ: ನಾನೂ ಅದೇ ಸೀಮೆಯವನು, ನನ್ನ ಅಜ್ಜನ ಕೋವಿಯೂ ಕೇಪಿನದೇ. ಆದರೂ ಇದಕ್ಕೆ ಅಳತೆ ಹೇಳಲಾರೆ. ಕೋವಿ ಇಟ್ಟುಕೊಳ್ಳುವ ಪರವಾನಗಿ ಬೇರೆ, ಬೇಟೆಯ ಅನುಮತಿ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಮ್ಮ ನಾಡಿನಲ್ಲಿ ಬೇಟೆ ಅಪರಾಧ. ಹಂದಿಯ ಕಾಟವಿದ್ದರೆ ಅರಣ್ಯ ಇಲಾಖೆಗೆ ಬರೆದುಕೊಡಿ.

ಕೋವಿಯ ಬಗ್ಗೆ ಒಂದು ತುರ್ತು ಮಾತು. ಹಳೆಯ ಮನೆಗಳ ಇಂಥ ಕೋವಿಗಳಲ್ಲಿ ಎಷ್ಟೋ ವರ್ಷದ ಹಿಂದೆ ತುಂಬಿದ ಈಡು ಹಾಗೆಯೇ ಉಳಿದಿರುವುದುಂಟು. ಕರಿಮದ್ದು ಒಣಗಿದ್ದರೆ ದಶಕಗಳ ಬಳಿಕವೂ ಹಾರುತ್ತದೆ. ಕೇಪು ಇಲ್ಲವೆಂದು ಖಚಿತ ಮಾಡಿಕೊಂಡು, ನಳಿಗೆಯ ಬಾಯಿಗೆ ಮುಖವಾಗಲಿ ಕೈಯಾಗಲಿ ಅಡ್ಡ ಬಾರದಂತೆ, ಒಂದು ಮರದ ಕಡ್ಡಿಯನ್ನು ನಿಧಾನವಾಗಿ ಒಳಗಿಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಹೊರತೆಗೆದು ನಳಿಗೆಯ ಹೊರಮೈಗೆ ಹಿಡಿದು ನೋಡಿ. ಕಡ್ಡಿಯ ತುದಿ ಕೇಪು ಕೂರುವ ಜಾಗದ ಹತ್ತಿರ ಬರದೆ ಮೂರ್ನಾಲ್ಕು ಬೆರಳು ಹಿಂದೆಯೇ ನಿಂತರೆ ಒಳಗೆ ಏನೋ ಇದೆ. ನೀವೇ ಕೆದಕಬೇಡಿ, ಪರವಾನಗಿಯಿರುವ ಕೋವಿ ರಿಪೇರಿಯವರಿಗೆ ತೋರಿಸಿ. ಆ ಕೆಲಸ ಮುಗಿಯುವವರೆಗೆ ಗೋಡೆಯ ಮೊಳೆಯಿಂದ ಇಳಿಸಿ, ಮಕ್ಕಳ ಕೈಗೆ ಸಿಗದಂತೆ ಬೀಗದೊಳಗಿಡಿ.

ಪ್ರಶ್ನೆ: ಮಧ್ಯಾಹ್ನ ವಲಯದಲ್ಲಿ ಸರಿಯಾಗಿ ಬೀಳುವ ಗುಂಡು ಸಂಜೆ ಬೆಳಕಿನಲ್ಲಿ ಮೂರ್ನಾಲ್ಕು ಅಂಗುಲ ಮೇಲೆ ಬೀಳುತ್ತದೆ. ಮದ್ದು ತೇವ ಹಿಡಿಯುತ್ತಿದೆಯೇ? (ಒಹಾಯೊದಿಂದ ಓದುಗರೊಬ್ಬರು)

ಉತ್ತರ: ಮದ್ದು ತೇವವಾದರೆ ಗುಂಡು ಮೇಲೇರುವುದಿಲ್ಲ. ಇದು ಕಣ್ಣಿನ ಸಂಗತಿ. ಬೆಳಕು ಕಡಿಮೆಯಾದಾಗ ಮುಂದಿನ ಸೈಟು ಮಸುಕಾಗುತ್ತದೆ. ಅದನ್ನು ಕಾಣಲೆಂದು ನಮಗೆ ಗೊತ್ತಿಲ್ಲದೆಯೇ ಹಿಂದಿನ ಸೈಟಿನ ಕಚ್ಚಿನಿಂದ ಅದನ್ನು ಹೆಚ್ಚು ಮೇಲೆತ್ತಿ ಹಿಡಿಯುತ್ತೇವೆ. ಮುಂದಿನ ಸೈಟಿನ ಮೊನೆ ಮೇಲೇರಿದಷ್ಟೂ ನಳಿಗೆ ಮೇಲೇರುತ್ತದೆ. ಮುಂದಿನ ಸೈಟಿನ ಹಿಂಬದಿಗೆ ಚುಕ್ಕೆಯಷ್ಟು ಬಿಳಿ ಬಣ್ಣ ಹಚ್ಚಿ, ಹಿಂದಿನ ಕಚ್ಚನ್ನು ತುಸು ಅಗಲ ಮಾಡಿಸಿ, ಸಂಜೆ ಹೊತ್ತಿನಲ್ಲೇ ನಾಲ್ಕು ದಿನ ಅಭ್ಯಾಸ ಮಾಡಿ. ಅಷ್ಟಾದರೂ ಮೊನೆ ಸ್ಪಷ್ಟವಾಗಿ ಕಾಣದ ಹೊತ್ತು ಬಂದರೆ, ಕಾನೂನಿನ ಸಮಯ ಇನ್ನೂ ಹತ್ತು ನಿಮಿಷ ಉಳಿದಿದ್ದರೂ, ಬಟ್ಟಲಿನ ಮದ್ದನ್ನು ಕೊಡವಿ ಮನೆಯ ಕಡೆ ನಡೆಯಿರಿ.